ಸ್ವಾತಂತ್ರ್ಯದ ಬೆಲೆ ತೆತ್ತವರು ಯಾರು?

ಜುಲೈ ತಿಂಗಳು ಬಂತೆಂದರೆ ಎರಡು ರಾಷ್ಟ್ರಗಳ ಸಂಭ್ರಮ ಜಗತ್ತಿನ ಪತ್ರಿಕೆಗಳನ್ನೂ ಟಿ.ವಿ. ಪರದೆಗಳನ್ನೂ ತುಂಬುತ್ತದೆ. 4ರಂದು ಅಮೆರಿಕ, 14ರಂದು ಫ್ರಾನ್ಸ್. ಒಂದು 1776ರ ಸ್ವಾತಂತ್ರ್ಯ ಘೋಷಣೆಯನ್ನು ನೆನೆಯುತ್ತದೆ, ಇನ್ನೊಂದು 1789ರಲ್ಲಿ ಬಾಸ್ಟೀಲ್ ಕೋಟೆಯ ಪತನವನ್ನು ನೆನೆಯುತ್ತದೆ. ಸಂಪಾದಕೀಯಗಳು ಬರುತ್ತವೆ; ಸ್ವಾತಂತ್ರ್ಯ, ಸಮಾನತೆ, ಸಹೋದರತೆ ಎಂಬ ಮೂರು ಪದಗಳು ಪಠಣವಾಗುತ್ತವೆ. ಅದೇ ಕಾಲದಲ್ಲಿ ಹುಟ್ಟಿ, ಅದೇ ಅಟ್ಲಾಂಟಿಕ್ ಸಾಗರದ ದಂಡೆಯಲ್ಲಿ ನಡೆದು, ಆ ಮೂರು ಪದಗಳನ್ನು ಅಕ್ಷರಶಃ ನಂಬಿ ರಕ್ತ ಹರಿಸಿದ ಮೂರನೆಯ ಕ್ರಾಂತಿಯೊಂದಿದೆ. ಅದರ ವಾರ್ಷಿಕ ದಿನ ಜನವರಿ 1. ಆ ದಿನ ಜಗತ್ತು ಹೊಸ ವರ್ಷದ ಪಟಾಕಿ ಸಿಡಿಸುವುದರಲ್ಲಿ ಮಗ್ನವಾಗಿರುತ್ತದೆ. ಹೈತಿ ಎಂಬ ದೇಶವೊಂದು 1804ರ ಆ ದಿನ ಹುಟ್ಟಿತೆಂಬುದು ಎಷ್ಟು ಮಂದಿಗೆ ಗೊತ್ತು?

ಪದವಿ ತರಗತಿಯಲ್ಲಿ ಇತಿಹಾಸವನ್ನು ಐಚ್ಛಿಕ ವಿಷಯವಾಗಿ ಓದಿದವರಿಗೆ 'ಫ್ರೆಂಚ್ ಕ್ರಾಂತಿಗೆ ಕಾರಣಗಳೇನು?' ಎಂಬ ಹತ್ತು ಅಂಕಗಳ ಪ್ರಶ್ನೆ ಚಿರಪರಿಚಿತ. ಸಾಮಾಜಿಕ ಕಾರಣ, ಆರ್ಥಿಕ ಕಾರಣ, ರಾಜಕೀಯ ಕಾರಣ, ಕೊನೆಗೆ ದಾರ್ಶನಿಕರ ಪ್ರಭಾವ. ವಾಲ್ಟೇರ್, ರೂಸೋ, ಮಾಂಟೆಸ್ಕ್ಯೂ ಎಂಬ ಮೂವರ ಹೆಸರು ಬರೆದರೆ ಎರಡು ಅಂಕ ಖಾತ್ರಿ. ಆ ಉತ್ತರವನ್ನು ಬಾಯಿಪಾಠ ಮಾಡಿ ತೇರ್ಗಡೆಯಾದ ತಲೆಮಾರೇ ಇಂದು ಪತ್ರಿಕೆಗಳಲ್ಲಿ ಬರೆಯುತ್ತಿದೆ, ವೇದಿಕೆಗಳಲ್ಲಿ ಭಾಷಣ ಮಾಡುತ್ತಿದೆ. ಅದರ ಪ್ರಕಾರ ಪ್ಯಾರಿಸ್ಸಿನ ಮತ್ತು ಫಿಲಡೆಲ್ಫಿಯಾದ ಕೆಲವು ಮಹಾಮೇಧಾವಿಗಳು ಸ್ವಾತಂತ್ರ್ಯವನ್ನು ಚಿಂತಿಸಿ ಕಂಡುಹಿಡಿದರು. ಬಳಿಕ ಅದು ದೀಪದಿಂದ ದೀಪಕ್ಕೆ ಹತ್ತಿಕೊಳ್ಳುವಂತೆ ಉಳಿದ ಮನುಕುಲಕ್ಕೆ ಹಬ್ಬಿತು. ಉಳಿದವರ ಪಾಲಿಗೆ ಇರುವುದು ಕೃತಜ್ಞತೆಯೊಂದೇ.

ಇದಕ್ಕೆ ವಿರುದ್ಧವಾದ ಇನ್ನೊಂದು ವಾದವೂ ಇದೆ. ಅದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಾಗದು, ಏಕೆಂದರೆ ಅದು ಕೇಳಿ ಬರುವುದು ನಮ್ಮದೇ ವೇದಿಕೆಗಳಲ್ಲಿ. ಫ್ರೆಂಚ್ ಕ್ರಾಂತಿ ಗುಪ್ತ ಸಂಘಗಳ ಷಡ್ಯಂತ್ರ, ಫ್ರೀಮೇಸನ್‌ಗಳ ಸಂಚು, ಧರ್ಮವನ್ನು ಕಿತ್ತೊಗೆಯಲು ಹೂಡಿದ ಹುನ್ನಾರ ಎಂದು ಕೆಲವು ಭಾಷಣಕಾರರು ಆವೇಶದಿಂದ ಹೇಳುತ್ತಾರೆ. ಈ ಮಾತಿನ ಮೂಲ ಯಾವುದೆಂದು ಅವರು ಒಮ್ಮೆಯಾದರೂ ವಿಚಾರಿಸಿದ್ದಾರೆಯೇ? ಕ್ರಾಂತಿಗೆ ಹೆದರಿ ಲಂಡನ್ನಿಗೆ ಓಡಿಹೋಗಿದ್ದ ಬಾರ್ಯುಯೆಲ್ ಎಂಬ ಫ್ರೆಂಚ್ ಪಾದ್ರಿ 1797ರಲ್ಲಿ ಪ್ರಕಟಿಸತೊಡಗಿದ ಗ್ರಂಥವೇ ಈ ಕಥೆಗೆ ಪ್ರಸಿದ್ಧಿ ತಂದುಕೊಟ್ಟಿತು. ತನ್ನ ಚರ್ಚಿನ ಆಸ್ತಿ ಮುಟ್ಟುಗೋಲಾದ ಸಂಕಟದಲ್ಲಿದ್ದವನಿಗೆ ರೈತನ ಹಸಿವು ಕಾಣಲಿಲ್ಲ, ಸಂಚು ಕಂಡಿತು. ಯುರೋಪಿನ ರಾಜಪಕ್ಷಪಾತಿಗಳು ಬಳಸಿ ಬಿಸಾಡಿದ ಈ ಸರಕನ್ನು ಎರಡು ಶತಮಾನಗಳ ಬಳಿಕ ನಾವು ವೈಚಾರಿಕತೆಯೆಂದು ಹೊತ್ತು ತಿರುಗುವುದು ಎಂತಹ ವಿಪರ್ಯಾಸ!

ಮೊದಲ ವಾದ ಕ್ರಾಂತಿಯನ್ನು ಪುಸ್ತಕಗಳಿಂದ ಹುಟ್ಟಿಸುತ್ತದೆ, ಎರಡನೆಯದು ಕತ್ತಲೆ ಕೋಣೆಗಳಿಂದ. ಎರಡೂ ಸರಕಾರಗಳ ಲೆಕ್ಕದ ಪುಸ್ತಕವನ್ನು ಬಿಚ್ಚಿ ನೋಡುವುದಿಲ್ಲ. ನಾವು ಅದನ್ನು ಬಿಚ್ಚೋಣ.

1756ರಿಂದ 1763ರ ವರೆಗೆ ಬ್ರಿಟನ್ ಮತ್ತು ಫ್ರಾನ್ಸ್‌ಗಳು ಯುರೋಪಿನಲ್ಲಿ, ಉತ್ತರ ಅಮೆರಿಕದಲ್ಲಿ, ಕೆರಿಬಿಯನ್ ದ್ವೀಪಗಳಲ್ಲಿ, ಆಫ್ರಿಕದ ಕರಾವಳಿಯಲ್ಲಿ, ಭಾರತದಲ್ಲಿ ಏಕಕಾಲಕ್ಕೆ ಹೊಡೆದಾಡಿದವು. ನಮ್ಮ ಪಠ್ಯಗಳಲ್ಲಿ ಬರುವ ವಾಂಡಿವಾಶ್ ಕದನ ಈ ಸಪ್ತವಾರ್ಷಿಕ ಯುದ್ಧದ್ದೇ ಒಂದು ಅಧ್ಯಾಯ. ಬ್ರಿಟನ್ ಗೆದ್ದಿತು. ಆದರೆ ಯುದ್ಧಕ್ಕೆ ಮುನ್ನ ಸುಮಾರು 7.5 ಕೋಟಿ ಪೌಂಡಿನಷ್ಟಿದ್ದ ಅದರ ಸಾಲ ಯುದ್ಧ ಮುಗಿಯುವಾಗ 13 ಕೋಟಿಯನ್ನು ದಾಟಿತ್ತು. ಸಾಲದ ಬಡ್ಡಿಯನ್ನೂ ಅಮೆರಿಕದಲ್ಲಿ ಬೀಡುಬಿಟ್ಟ ಸೇನೆಯ ಖರ್ಚನ್ನೂ ಯಾರು ಭರಿಸಬೇಕು? ಲಂಡನ್ನಿನ ಕಣ್ಣು ಅಟ್ಲಾಂಟಿಕ್‌ನ ಆಚೆ ದಡದ 13 ವಸಾಹತುಗಳ ಮೇಲೆ ಬಿತ್ತು. 1764ರಲ್ಲಿ ಸಕ್ಕರೆ ಕಾಯ್ದೆ, 1765ರಲ್ಲಿ ಸ್ಟಾಂಪ್ ಕಾಯ್ದೆ, 1767ರಲ್ಲಿ ಗಾಜು, ಕಾಗದ, ಬಣ್ಣ, ಚಹಾಗಳ ಮೇಲೆ ಸುಂಕ. ತಮ್ಮ ಪ್ರತಿನಿಧಿಗಳಿಲ್ಲದ ಪಾರ್ಲಿಮೆಂಟಿಗೆ ತಮ್ಮ ಮೇಲೆ ತೆರಿಗೆ ಹೇರುವ ಅಧಿಕಾರವಿಲ್ಲ ಎಂಬ ವಾದ ಅಲ್ಲಿ ಹುಟ್ಟಿದ್ದು ಹೀಗೆ. ವಾದ ನ್ಯಾಯವಾದುದೇ. ಆದರೆ ಅದಕ್ಕೆ ಕಿಡಿ ಹೊತ್ತಿಸಿದ್ದು ಸಾಲ.

ಆ ಸುಂಕಗಳ ಪೈಕಿ ಕೊನೆಗೆ ಉಳಿದ ಚಹಾ ಸುಂಕದ ಹಿಂದೆ ಭಾರತದ ಕಥೆಯೂ ಇದೆ. ಬಂಗಾಳದ ದಿವಾನಿಯನ್ನು 1765ರಲ್ಲಿ ಕೈವಶ ಮಾಡಿಕೊಂಡ ಈಸ್ಟ್ ಇಂಡಿಯಾ ಕಂಪೆನಿಯ ಕಾಲದಲ್ಲಿ, 1769-70ರಲ್ಲಿ, ಅಲ್ಲಿ ಭೀಕರ ಕ್ಷಾಮ ಬಂತು. ಜನಸಂಖ್ಯೆಯ ಮೂರನೇ ಒಂದು ಭಾಗ ನಾಶವಾಯಿತೆಂದೂ, ಆದರೂ 1771ರ ಕಂದಾಯ ವಸೂಲಿ ಕ್ಷಾಮಕ್ಕೆ ಮುಂಚಿನ 1768ರ ವಸೂಲಿಯನ್ನೂ ಮೀರಿತೆಂದೂ 1772ರಲ್ಲಿ ಲಂಡನ್ನಿಗೆ ವರದಿ ಕಳುಹಿಸಿದಾತ ಕಂಪೆನಿಯದೇ ಅಧಿಕಾರಿ ವಾರನ್ ಹೇಸ್ಟಿಂಗ್ಸ್. ಹೆಣಗಳ ಮೇಲೆ ಕಂದಾಯ ಎತ್ತಿದ ಆ ಕಂಪೆನಿ ಅದೇ ವರ್ಷ ದಿವಾಳಿಯ ಅಂಚಿಗೆ ಬಂದು ನಿಂತಿತ್ತು! ಅದನ್ನು ಬದುಕಿಸಲು ಬ್ರಿಟಿಷ್ ಸರಕಾರ 14 ಲಕ್ಷ ಪೌಂಡ್ ಸಾಲ ಕೊಟ್ಟಿತು. ಗೋದಾಮುಗಳಲ್ಲಿ ರಾಶಿ ಬಿದ್ದಿದ್ದ ಚಹಾವನ್ನು ನೇರವಾಗಿ ಅಮೆರಿಕಕ್ಕೆ ಸಾಗಿಸುವ ಅಧಿಕಾರವನ್ನು 1773ರ ಚಹಾ ಕಾಯ್ದೆಯ ಮೂಲಕ ನೀಡಿತು. ಈ ಕಾಯ್ದೆಯಿಂದ ಚಹಾದ ಬೆಲೆ ಇಳಿಯಿತೇ ಹೊರತು ಏರಲಿಲ್ಲ ಎಂಬುದನ್ನು ನಮ್ಮ ಗೈಡು ಪುಸ್ತಕಗಳು ಹೇಳುವುದಿಲ್ಲ. ಕಳ್ಳಸಾಗಣೆಯ ಚಹಾ ಮಾರಿ ಲಾಭ ಮಾಡುತ್ತಿದ್ದ ವರ್ತಕರಿಗೆ ಅದು ಹೊಡೆತ ಕೊಟ್ಟಿತು. ಅಗ್ಗದ ಚಹಾದ ಆಮಿಷದಲ್ಲಿ ತೆರಿಗೆಯ ಅಧಿಕಾರವನ್ನು ಒಪ್ಪಿಸಿಬಿಡುತ್ತಾರೆಂಬ ಭಯವನ್ನು ಉಳಿದವರಲ್ಲಿ ಹುಟ್ಟಿಸಿತು. ಬಂಗಾಳದಲ್ಲಿ ಲಕ್ಷಾಂತರ ಜನರನ್ನು ಕೊಂದ ಕಂಪೆನಿ ಈಗ ಇಲ್ಲಿಗೆ ಬರುತ್ತಿದೆ ಎಂದು ಪೆನ್ಸಿಲ್ವೇನಿಯದ ಜಾನ್ ಡಿಕಿನ್ಸನ್ ಅದೇ ವರ್ಷ ಎಚ್ಚರಿಸಿದ. 1773ರ ಡಿಸೆಂಬರ್ 16ರ ರಾತ್ರಿ ಬೋಸ್ಟನ್ ಬಂದರಿನಲ್ಲಿ ಸುಮಾರು 340 ಪೆಟ್ಟಿಗೆ ಚಹಾ ಸಮುದ್ರ ಪಾಲಾಯಿತು. ಬಂಗಾಳದ ಹಸಿದ ರೈತನೂ ಅಮೆರಿಕನ್ ಕ್ರಾಂತಿಯ ಕಾರಣಗಳ ಪಟ್ಟಿಯಲ್ಲಿ ಇರಬೇಕಾದವನು. ಅವನನ್ನು ಅಲ್ಲಿಂದ ಅಳಿಸಿದವರು ಯಾರು?

ಎಲ್ಲ ಮನುಷ್ಯರೂ ಸಮಾನರಾಗಿ ಸೃಷ್ಟಿಸಲ್ಪಟ್ಟಿದ್ದಾರೆಂದು 1776ರಲ್ಲಿ ಬರೆದ ಥಾಮಸ್ ಜೆಫರ್ಸನ್ ತನ್ನ ಜೀವಿತಾವಧಿಯಲ್ಲಿ 600ಕ್ಕೂ ಹೆಚ್ಚು ಮನುಷ್ಯರ ಒಡೆಯನಾಗಿದ್ದ. ಗುಲಾಮರ ವ್ಯಾಪಾರದ ಪಾಪವನ್ನು ಬ್ರಿಟಿಷ್ ದೊರೆಯ ತಲೆಗೆ ಕಟ್ಟುವ ಒಂದು ಪರಿಚ್ಛೇದ ಅವನ ಕರಡಿನಲ್ಲಿತ್ತು. ಕಾಂಗ್ರೆಸ್ ಅದನ್ನೂ ಹೊಡೆದುಹಾಕಿತು. ಅದಕ್ಕೆ ಮುನ್ನ, 1775ರ ನವೆಂಬರಿನಲ್ಲಿ ವರ್ಜೀನಿಯದ ಬ್ರಿಟಿಷ್ ಗವರ್ನರ್ ಡನ್‌ಮೋರ್, ಬಂಡುಕೋರ ಮಾಲಕರನ್ನು ತೊರೆದು ಬಂದು ತನ್ನ ಪಡೆ ಸೇರುವ ಗುಲಾಮರಿಗೆ ವಿಮೋಚನೆ ಘೋಷಿಸಿದ್ದ. ಅವನಿಗೆ ಕರಿಯರ ಮೇಲೆ ಪ್ರೀತಿ ಉಕ್ಕಿರಲಿಲ್ಲ, ಸೈನಿಕರ ಕೊರತೆಯಿತ್ತು. ಆದರೂ ಸ್ವಾತಂತ್ರ್ಯ ಬೇಕಿದ್ದ ಸಾವಿರಾರು ಗುಲಾಮರು ಓಡಿಹೋದದ್ದು ಸ್ವಾತಂತ್ರ್ಯ ಘೋಷಿಸಿದವರ ಕಡೆಯಿಂದ ದೊರೆಯ ಕಡೆಗೆ! 1787ರ ಸಂವಿಧಾನ ಈ ಬೇಲಿಯನ್ನು ಗಟ್ಟಿಗೊಳಿಸಿತು. ಪ್ರಾತಿನಿಧ್ಯದ ಲೆಕ್ಕಕ್ಕೆ ಗುಲಾಮನೊಬ್ಬ ಐದನೇ ಮೂರು ಭಾಗದಷ್ಟು ಮನುಷ್ಯ. ಓಡಿಹೋದವನನ್ನು ಮಾಲಕನಿಗೆ ಮರಳಿಸಬೇಕು. 1808ರ ವರೆಗೆ ಗುಲಾಮರ ಆಮದನ್ನು ಕಾಂಗ್ರೆಸ್ ನಿಷೇಧಿಸುವಂತಿಲ್ಲ. 1790ರ ಪ್ರಥಮ ಜನಗಣತಿಯಲ್ಲಿ ಸುಮಾರು 7 ಲಕ್ಷವಿದ್ದ ಗುಲಾಮರ ಸಂಖ್ಯೆ 1860ರ ವೇಳೆಗೆ ಸುಮಾರು 40 ಲಕ್ಷಕ್ಕೆ ಏರಿತು. ಸ್ವಾತಂತ್ರ್ಯದ ತವರಿನಲ್ಲಿ ಬೆಳೆದ ಬೆಳೆ ಇದು.

ಈ ಯುದ್ಧದಲ್ಲಿ ಅಮೆರಿಕನ್ನರನ್ನು ಗೆಲ್ಲಿಸಿದ್ದು ಫ್ರಾನ್ಸಿನ ಹಣ ಮತ್ತು ಹಡಗು. 1781ರ ಅಕ್ಟೋಬರಿನಲ್ಲಿ ಯಾರ್ಕ್‌ಟೌನಿನಲ್ಲಿ ಜನರಲ್ ಕಾರ್ನ್‌ವಾಲಿಸ್ ಶರಣಾದದ್ದು ಕೊಲ್ಲಿಯ ಬಾಯಿಯನ್ನು ಫ್ರೆಂಚ್ ನೌಕಾಪಡೆ ಮುಚ್ಚಿದ್ದರಿಂದ. ಅದೇ ಕಾರ್ನ್‌ವಾಲಿಸ್ ಹನ್ನೊಂದು ವರ್ಷಗಳ ಬಳಿಕ, 1792ರಲ್ಲಿ, ಶ್ರೀರಂಗಪಟ್ಟಣದ ಬಾಗಿಲಲ್ಲಿ ನಿಂತು ಟಿಪ್ಪು ಸುಲ್ತಾನರಿಂದ ಅರ್ಧ ರಾಜ್ಯವನ್ನೂ ಕೋಟಿಗಟ್ಟಲೆ ರೂಪಾಯಿ ದಂಡವನ್ನೂ ಇಬ್ಬರು ಪುತ್ರರನ್ನೂ ಕಿತ್ತುಕೊಂಡವನು. ಅಮೆರಿಕದಲ್ಲಿ ಸೋತ ಸಾಮ್ರಾಜ್ಯ ತನ್ನ ಹಸಿವನ್ನು ತೀರಿಸಿಕೊಂಡದ್ದು ನಮ್ಮ ನೆಲದಲ್ಲಿ. ಯಾರ್ಕ್‌ಟೌನಿಗೆ ಬಂದ ಆ ಫ್ರೆಂಚ್ ನೌಕಾಪಡೆ ಹೊರಟದ್ದು ಎಲ್ಲಿಂದ? ಕೆರಿಬಿಯನ್ ಸಮುದ್ರದ ಸಾಂ ಡೊಮಿಂಗ್ ಎಂಬ ಫ್ರೆಂಚ್ ವಸಾಹತಿನ ಬಂದರಿನಿಂದ. ಅಲ್ಲಿನ ಕಾವಲು ಪಡೆಯ 3 ಸಾವಿರಕ್ಕೂ ಹೆಚ್ಚು ಸೈನಿಕರನ್ನು ಹೊತ್ತುಕೊಂಡು. ಮುಂದೆ ಹೈತಿಯಾದದ್ದು ಇದೇ ಸಾಂ ಡೊಮಿಂಗ್.

ಫ್ರಾನ್ಸಿಗೆ ಈ ಗೆಲುವಿನಿಂದ ಸಿಕ್ಕಿದ್ದು ಸಾಲ. ಅಮೆರಿಕದ ಯುದ್ಧಕ್ಕೆ ಅದು ಸುರಿದದ್ದು 100 ಕೋಟಿ ಲಿವ್ರ್‌ಗಿಂತಲೂ ಹೆಚ್ಚು. 1788ರ ಹೊತ್ತಿಗೆ ಬೊಕ್ಕಸದ ಖರ್ಚಿನಲ್ಲಿ ಸುಮಾರು ಅರ್ಧ ಸಾಲದ ಬಾಬತ್ತಿಗೇ ಹೋಗುತ್ತಿತ್ತು. ಬಹುಪಾಲು ತೆರಿಗೆಗಳಿಂದ ಕುಲೀನರಿಗೂ ಪಾದ್ರಿಗಳಿಗೂ ವಿನಾಯಿತಿ. ರೈತನಿಗೆ ಉಪ್ಪಿನ ಮೇಲೂ ಕರ. 1788ರ ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ 16ನೇ ಲೂಯಿ ದೊರೆ ಭವ್ಯ ದರ್ಬಾರು ನಡೆಸಿ ಟಿಪ್ಪು ಸುಲ್ತಾನರ ಮೂವರು ರಾಯಭಾರಿಗಳನ್ನು ಬರಮಾಡಿಕೊಂಡ. ಬ್ರಿಟಿಷರ ವಿರುದ್ಧ ಸೈನಿಕ ನೆರವು ಕೋರಿ ಮೈಸೂರಿನಿಂದ ಸಮುದ್ರ ದಾಟಿ ಹೋಗಿದ್ದರು ಅವರು. ದರ್ಬಾರು ಮುಗಿದು ಆರೇ ದಿನ, ಆಗಸ್ಟ್ 16ರಂದು, ಫ್ರೆಂಚ್ ಬೊಕ್ಕಸ ತನ್ನ ಪಾವತಿಗಳನ್ನು ಭಾಗಶಃ ನಿಲ್ಲಿಸಿತು. ರಾಯಭಾರಿಗಳು ಪಿಂಗಾಣಿಯ ಉಡುಗೊರೆಗಳೊಂದಿಗೂ ಕೆಲವು ಕುಶಲಕರ್ಮಿಗಳೊಂದಿಗೂ ಮರಳಿದರು, ಸೈನ್ಯ ಬರಲಿಲ್ಲ. ಕೊಡಲು ಏನಿತ್ತು?

ಬಳಿಕ ನಡೆದುದೆಲ್ಲ ಗೊತ್ತಿರುವ ಕಥೆ. 1788ರ ಬೆಳೆ ಹಾಳಾಯಿತು, ರೊಟ್ಟಿಯ ಬೆಲೆ ಏರಿತು. ಹೊಸ ತೆರಿಗೆಗೆ ಒಪ್ಪಿಗೆ ಪಡೆಯಲು 1614ರ ಬಳಿಕ ಒಮ್ಮೆಯೂ ಸೇರದಿದ್ದ ಮೂರು ವರ್ಗಗಳ ಮಹಾಸಭೆಯನ್ನು 1789ರ ಮೇ 5ರಂದು ಕರೆಯಬೇಕಾಯಿತು. ಮೂರನೆಯ ವರ್ಗದ ಪ್ರತಿನಿಧಿಗಳು ತಾವೇ ರಾಷ್ಟ್ರವೆಂದು ಸಾರಿದರು. ಜುಲೈಯಲ್ಲಿ ಬಾಸ್ಟೀಲ್, ಆಗಸ್ಟ್ 26ರಂದು ಮಾನವ ಮತ್ತು ನಾಗರಿಕ ಹಕ್ಕುಗಳ ಘೋಷಣೆ. 1793ರಲ್ಲಿ ದೊರೆಯ ಶಿರಚ್ಛೇದ, ಭಯದ ಆಳ್ವಿಕೆ, 1794ರಲ್ಲಿ ರೋಬೆಸ್ಪಿಯರನ ಅಂತ್ಯ, 1799ರಲ್ಲಿ ನೆಪೋಲಿಯನ್ನನ ಕ್ಷಿಪ್ರಕ್ರಾಂತಿ, 1804ರಲ್ಲಿ ಅವನ ಚಕ್ರವರ್ತಿತ್ವ. ಸ್ತ್ರೀಯರ ಹಕ್ಕುಗಳಿಗೂ ಇಂಥದೇ ಘೋಷಣೆಯೊಂದನ್ನು ಬರೆದ ಒಲಾಂಪ್ ದ ಗೂಜ್ 1793ರ ನವೆಂಬರಿನಲ್ಲಿ ಗಿಲೊಟಿನ್ನಿಗೆ ಬಲಿಯಾದಳು ಎಂಬುದನ್ನು ಮಾತ್ರ ಇಲ್ಲಿ ದಾಖಲಿಸಿ ಮುಂದುವರಿಯೋಣ.

ಏಕೆಂದರೆ ಘೋಷಣೆಯ ನಿಜವಾದ ಪರೀಕ್ಷೆ ನಡೆದದ್ದು ಪ್ಯಾರಿಸ್ಸಿನಲ್ಲಲ್ಲ. ಸಾಂ ಡೊಮಿಂಗ್ ಅಂದಿನ ಜಗತ್ತಿನ ಅತ್ಯಂತ ಲಾಭದಾಯಕ ವಸಾಹತು. ಯುರೋಪ್ ಸವಿಯುತ್ತಿದ್ದ ಸಕ್ಕರೆಯಲ್ಲಿ ಸುಮಾರು ಶೇ. 40, ಜಗತ್ತಿನ ಕಾಫಿಯಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿಂದಲೇ ಬರುತ್ತಿತ್ತು. ಬೋರ್ಡೊ ಮತ್ತು ನಾಂಟ್ ನಗರಗಳ ಸೌಧಗಳು ಎದ್ದದ್ದು ಈ ವ್ಯಾಪಾರದ ಸಂಪತ್ತಿನ ಮೇಲೆ. ಕ್ರಾಂತಿಯ ಸಭೆಗಳಲ್ಲಿ ಸಮಾನತೆಯ ಭಾಷಣ ಮಾಡಿದ ವರ್ತಕ ವರ್ಗ ಉಂಡದ್ದು ಈ ತಟ್ಟೆಯಲ್ಲಿ. ಸುಮಾರು 30-40 ಸಾವಿರ ಬಿಳಿಯರು, ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯ ಸ್ವತಂತ್ರ ಮಿಶ್ರವರ್ಣೀಯರು ಮತ್ತು ಕರಿಯರು, ಅವರ ಕೆಳಗೆ 4.5 ಲಕ್ಷಕ್ಕೂ ಹೆಚ್ಚು ಗುಲಾಮರು. ಕಬ್ಬಿನ ಗದ್ದೆ ಮತ್ತು ಗಾಣಗಳಲ್ಲಿ ಜನ ಎಷ್ಟು ಬೇಗ ಸಾಯುತ್ತಿದ್ದರೆಂದರೆ ಆ ಸಂಖ್ಯೆಯನ್ನು ಕಾಯ್ದುಕೊಳ್ಳಲು 1780ರ ದಶಕದ ಕೊನೆಯಲ್ಲಿ ವರ್ಷವೊಂದಕ್ಕೆ 30 ಸಾವಿರಕ್ಕೂ ಹೆಚ್ಚು ಆಫ್ರಿಕನ್ನರನ್ನು ಹಡಗುಗಳಲ್ಲಿ ತುಂಬಿ ತರಬೇಕಾಗುತ್ತಿತ್ತು. ಹೊಸ ಮನುಷ್ಯನನ್ನು ಕೊಳ್ಳುವುದು ಹಳಬನಿಗೆ ಹೊಟ್ಟೆ ತುಂಬ ಉಣಿಸುವುದಕ್ಕಿಂತ ಅಗ್ಗವೆಂಬ ಲೆಕ್ಕಾಚಾರ ಅದು. ಹೀಗಾಗಿ 1791ರಲ್ಲಿ ಅಲ್ಲಿನ ಗುಲಾಮರ ಪೈಕಿ ಹೆಚ್ಚಿನವರು ಆಫ್ರಿಕದಲ್ಲಿ ಹುಟ್ಟಿದವರು, ಸ್ವತಂತ್ರ ಬದುಕನ್ನು ಕಂಡವರು. ಸ್ವಾತಂತ್ರ್ಯವೆಂದರೇನೆಂದು ತಿಳಿಯಲು ಅವರಿಗೆ ರೂಸೋನ ಗ್ರಂಥ ಬೇಕಿತ್ತೇ?

ಹಕ್ಕುಗಳ ಘೋಷಣೆ ಹೊರಬಿದ್ದ ತಿಂಗಳಲ್ಲೇ ತೋಟದ ಮಾಲಕರು ಪ್ಯಾರಿಸ್ಸಿನಲ್ಲಿ ಮಾಸಿಯಾಕ್ ಕ್ಲಬ್ ಎಂಬ ಕೂಟ ಕಟ್ಟಿ, ಆ ಘೋಷಣೆ ವಸಾಹತುಗಳಿಗೆ ತಗಲದಂತೆ ನೋಡಿಕೊಂಡರು. ಅವರ ಭಯ ಗುಲಾಮರ ಕುರಿತು ಮಾತ್ರವಲ್ಲ, ತೆರಿಗೆ ಕಟ್ಟುವ, ಆಸ್ತಿಯುಳ್ಳ ಸ್ವತಂತ್ರ ಮಿಶ್ರವರ್ಣೀಯರ ಕುರಿತೂ ಇತ್ತು. ತಮ್ಮವರಿಗೆ ಮತದಾನದ ಹಕ್ಕು ಕೇಳಿ 1790ರಲ್ಲಿ ಶಸ್ತ್ರ ಎತ್ತಿದ ವಿನ್ಸೆಂಟ್ ಓಜೆಯನ್ನು 1791ರ ಫೆಬ್ರವರಿಯಲ್ಲಿ ಚಕ್ರಕ್ಕೆ ಕಟ್ಟಿ ಎಲುಬು ಮುರಿದು ಕೊಂದರು. ಸ್ವತಂತ್ರ ತಂದೆ ತಾಯಿಗೆ ಹುಟ್ಟಿದ ಕೆಲವೇ ಮಿಶ್ರವರ್ಣೀಯರಿಗೆ ಹಕ್ಕು ನೀಡುವ ನಿರ್ಣಯವೊಂದನ್ನು ಪ್ಯಾರಿಸ್ಸಿನ ಸಭೆ ಆ ವರ್ಷದ ಮೇ ತಿಂಗಳಲ್ಲಿ ಅಂಗೀಕರಿಸಿತು, ಸೆಪ್ಟೆಂಬರಿನಲ್ಲಿ ಹಿಂತೆಗೆದುಕೊಂಡಿತು.

ಅಷ್ಟರಲ್ಲಿ ಕಾಲ ಮಿಂಚಿತ್ತು. 1791ರ ಆಗಸ್ಟ್ 22ರ ರಾತ್ರಿ ಉತ್ತರದ ಬಯಲಿನ ಗುಲಾಮರು ದಂಗೆಯೆದ್ದರು. ವಾರಗಳೊಳಗೆ ನೂರಾರು ತೋಟಗಳು ಭಸ್ಮವಾದವು. ಒಡೆಯರು ಕೊಲ್ಲಲ್ಪಟ್ಟರು, ಒಡೆಯರು ಅದಕ್ಕಿಂತ ಹೆಚ್ಚು ಮಂದಿಯನ್ನು ಕೊಂದರು. 1793ರಲ್ಲಿ ಬ್ರಿಟನ್ ಮತ್ತು ಸ್ಪೇನ್ ಕೂಡ ಸೇನೆ ಇಳಿಸಿದವು. ದ್ವೀಪವೇ ಕೈಬಿಟ್ಟು ಹೋಗುವ ಸ್ಥಿತಿಯಲ್ಲಿ ಫ್ರೆಂಚ್ ಕಮಿಷನರ್ ಸೋಂತೋನಾಕ್ಸ್ 1793ರ ಆಗಸ್ಟ್ 29ರಂದು ಉತ್ತರ ಪ್ರಾಂತದಲ್ಲಿ ಗುಲಾಮಗಿರಿಯ ರದ್ದತಿಯನ್ನು ಘೋಷಿಸಿದ. ಪ್ಯಾರಿಸ್ಸಿನ ಕನ್ವೆನ್ಷನ್ 1794ರ ಫೆಬ್ರವರಿ 4ರಂದು ಅದನ್ನು ಎಲ್ಲ ಫ್ರೆಂಚ್ ವಸಾಹತುಗಳಿಗೂ ಅನ್ವಯಿಸಿತು. ಕರಿಯ ಪ್ರತಿನಿಧಿ ಜಾನ್ ಬ್ಯಾಪ್ಟಿಸ್ಟ್ ಬೆಲೆ ಆ ಸಭೆಯಲ್ಲಿ ಕುಳಿತಿದ್ದ. ಕ್ರಾಂತಿಯ ಮಹೋನ್ನತ ಕ್ಷಣವೆಂದು ಫ್ರೆಂಚರು ಇದನ್ನು ಕೊಂಡಾಡುತ್ತಾರೆ, ಅದು ಮಹೋನ್ನತವೂ ಹೌದು. ಆದರೆ ಮಾನವ ಹಕ್ಕುಗಳ ಘೋಷಣೆಯಿಂದ ಈ ಕಾನೂನಿಗೆ ನಾಲ್ಕೂವರೆ ವರ್ಷ. ಆ ದೂರವನ್ನು ಸವೆಸಿದ್ದು ಪ್ಯಾರಿಸ್ಸಿನ ದಾರ್ಶನಿಕರಲ್ಲ, ಕಬ್ಬಿನ ಗದ್ದೆಗೆ ಬೆಂಕಿಯಿಟ್ಟ ನಿರಕ್ಷರಿಗಳು. ಗುಲಾಮಗಿರಿಯ ವಿರುದ್ಧ ಬರೆಯುತ್ತಿದ್ದ 'ಕರಿಯರ ಮಿತ್ರರ ಸಂಘ'ದ ಸಜ್ಜನರು ಕೂಡ ಕೇಳಿದ್ದು ಹಂತ ಹಂತದ ವಿಮೋಚನೆಯನ್ನು.

ಗುಲಾಮನಾಗಿ ಹುಟ್ಟಿ ಬಿಡುಗಡೆ ಹೊಂದಿದ ಟೂಸಾನ್ ಲೂವರ್ತೂರ್ ಈ ದಂಗೆಯನ್ನು ಸೈನ್ಯವಾಗಿಸಿದ. 1798ರಲ್ಲಿ ಬ್ರಿಟಿಷರು ಕಾಲ್ತೆಗೆದರು. 1801ರಲ್ಲಿ ಅವನು ಸಂವಿಧಾನ ರಚಿಸಿದ, ತನ್ನನ್ನೇ ಆಜೀವ ಗವರ್ನರನಾಗಿ ಮಾಡಿಕೊಂಡ, ಬಿಡುಗಡೆಯಾದ ಕೂಲಿಗಳನ್ನು ಸೈನಿಕ ಶಿಸ್ತಿನಲ್ಲಿ ಮತ್ತೆ ತೋಟಗಳಿಗೇ ಅಟ್ಟಿದ. ಅವನನ್ನು ಸಂತನನ್ನಾಗಿ ಮಾಡುವ ಅಗತ್ಯ ನಮಗಿಲ್ಲ. ನೆಪೋಲಿಯನ್ನನಿಗೆ ಆ ಅರೆ ಸ್ವಾತಂತ್ರ್ಯವೂ ಸಹ್ಯವಾಗಲಿಲ್ಲ. ತನ್ನ ಭಾವ ಲೆಕ್ಲೇರನ ನಾಯಕತ್ವದಲ್ಲಿ ಬೃಹತ್ ನೌಕಾಪಡೆಯನ್ನು ಕಳುಹಿಸಿದ. 1802ರ ಮೇ 20ರ ಕಾನೂನಿನ ಮೂಲಕ ಗುಲಾಮಗಿರಿಗೆ ಮತ್ತೆ ಮುದ್ರೆ ಒತ್ತಿದ. ಸಂಧಾನದ ನೆಪದಲ್ಲಿ ಕರೆದು ಸೆರೆಹಿಡಿದ ಟೂಸಾನನನ್ನು ಜ್ಯೂರಾ ಪರ್ವತದ ಚಳಿಯ ಕೋಟೆಯಲ್ಲಿ ಕೂಡಿಹಾಕಿದರು. 1803ರ ಏಪ್ರಿಲ್ 7ರಂದು ಅವನು ಅಲ್ಲೇ ಪ್ರಾಣ ಬಿಟ್ಟ. ಆದರೆ ಮರಳಿ ಸಂಕೋಲೆ ಬರುತ್ತಿದೆಯೆಂಬ ಸುದ್ದಿ ದ್ವೀಪವನ್ನು ಒಂದಾಗಿಸಿತು. ಹಳದಿ ಜ್ವರವೂ ಯುದ್ಧವೂ ಸೇರಿ ಫ್ರೆಂಚ್ ಸೇನೆಯನ್ನು ನುಂಗಿದವು. 1803ರ ನವೆಂಬರ್ 18ರಂದು ವೆರ್ತಿಯೇರಿನಲ್ಲಿ ಅದು ಸೋತಿತು. 1804ರ ಜನವರಿ 1ರಂದು ಡೆಸಲೀನ್ ಸ್ವಾತಂತ್ರ್ಯ ಘೋಷಿಸಿ, ಆ ನೆಲದ ಆದಿವಾಸಿಗಳ ಭಾಷೆಯ ಹೆಸರನ್ನು ದೇಶಕ್ಕೆ ಇಟ್ಟ.

ಅದೇ ವರ್ಷದ ಮೊದಲ ತಿಂಗಳುಗಳಲ್ಲಿ ಡೆಸಲೀನನ ಆಜ್ಞೆಯಂತೆ ದ್ವೀಪದಲ್ಲಿ ಉಳಿದಿದ್ದ ಫ್ರೆಂಚರ ಕಗ್ಗೊಲೆ ನಡೆಯಿತು; ಸ್ತ್ರೀಯರನ್ನೂ ಮಕ್ಕಳನ್ನೂ ಬಿಡಲಿಲ್ಲ. ಅದು ಅಪರಾಧ. ಹಿಂದಿನ ನೂರು ವರ್ಷಗಳ ಚಾಟಿ ಅದನ್ನು ವಿವರಿಸಬಹುದು, ಸಮರ್ಥಿಸಲಾರದು. ಅದೇ ಡೆಸಲೀನನ 1805ರ ಸಂವಿಧಾನ ಗುಲಾಮಗಿರಿಯನ್ನು ಶಾಶ್ವತವಾಗಿ ರದ್ದುಪಡಿಸಿತು. ತಮ್ಮ ಪಕ್ಷಕ್ಕೆ ಬಂದಿದ್ದ ಪೋಲಿಷ್ ಸೈನಿಕರೂ ಜರ್ಮನ್ ವಲಸಿಗರೂ ಸೇರಿದಂತೆ ಎಲ್ಲ ಪೌರರನ್ನೂ ಇನ್ನು 'ಕರಿಯ'ರೆಂದೇ ಕರೆಯತಕ್ಕದ್ದೆಂದು ವಿಧಿಸಿತು. ವರ್ಣದ ಬೇಲಿಯನ್ನು ಕಿತ್ತೆಸೆಯುವ ವಿಚಿತ್ರ ಉಪಾಯ ಅದು. ಐದನೇ ಮೂರು ಭಾಗದ ಮನುಷ್ಯನನ್ನು ಸೃಷ್ಟಿಸಿದ ಫಿಲಡೆಲ್ಫಿಯಾದ ಸಂವಿಧಾನದ ಪಕ್ಕದಲ್ಲಿಟ್ಟು ಇದನ್ನು ಓದಬೇಕು.

ಹೈತಿಯ ಗೆಲುವಿನ ಫಲವನ್ನು ಉಂಡವರು ಬೇರೆಯವರು. ಕೆರಿಬಿಯನ್ ಸಾಮ್ರಾಜ್ಯದ ಕನಸು ಮುರಿದ ನೆಪೋಲಿಯನ್ 1803ರಲ್ಲಿ ಲೂಯಿಸಿಯಾನ ಪ್ರದೇಶವನ್ನು 1.5 ಕೋಟಿ ಡಾಲರಿಗೆ ಮಾರಿದ. ಅಮೆರಿಕದ ವಿಸ್ತೀರ್ಣ ಸುಮಾರು ದುಪ್ಪಟ್ಟಾಯಿತು, ಆ ನೆಲದಲ್ಲಿ ಹತ್ತಿ ಮತ್ತು ಕಬ್ಬಿನ ತೋಟಗಳು ಎದ್ದವು, ಅವುಗಳಿಗೆ ಮತ್ತಷ್ಟು ಗುಲಾಮರು. ಖರೀದಿಸಿದ ಅಧ್ಯಕ್ಷ ಜೆಫರ್ಸನ್ನನ ಆಡಳಿತವೇ 1806ರಲ್ಲಿ ಹೈತಿಯೊಂದಿಗಿನ ವ್ಯಾಪಾರವನ್ನು ನಿಷೇಧಿಸಿತು. ಅಮೆರಿಕ ಹೈತಿಗೆ ಮಾನ್ಯತೆ ನೀಡಿದ್ದು 1862ರಲ್ಲಿ, ಗುಲಾಮಗಿರಿಯ ರಾಜ್ಯಗಳು ಒಕ್ಕೂಟ ಬಿಟ್ಟುಹೋದ ಮೇಲೆ. ಸ್ಪೇನಿನ ವಿರುದ್ಧ ಸೋತು ಬಂದ ಸೈಮನ್ ಬೊಲಿವಾರ್‌ಗೆ ಹೈತಿಯ ಅಧ್ಯಕ್ಷ ಪೆಟಿಯೋನ್ 1816ರಲ್ಲಿ ಆಶ್ರಯ, ಬಂದೂಕು, ಹಡಗು ಕೊಟ್ಟ. ಪ್ರತಿಯಾಗಿ ಕೇಳಿದ್ದು ಗುಲಾಮರ ವಿಮೋಚನೆಯನ್ನು. 1826ರಲ್ಲಿ ಹೊಸ ಗಣರಾಜ್ಯಗಳು ಪನಾಮದಲ್ಲಿ ಸಮಾವೇಶ ನಡೆಸಿದಾಗ ಹೈತಿಗೆ ಆಮಂತ್ರಣವಿರಲಿಲ್ಲ. ಬೊಲಿವಾರನ ವೆನೆಜುವೆಲದಲ್ಲಿ ಗುಲಾಮಗಿರಿ 1854ರ ವರೆಗೂ ಉಳಿಯಿತು. 1822ರಲ್ಲಿ ಸ್ವತಂತ್ರವಾದ ಬ್ರೆಜಿಲ್‌ನಲ್ಲಿ 1888ರ ವರೆಗೆ. ಆ ಬ್ರೆಜಿಲ್‌ನ ಸಾಲ್ವಡೋರ್ ನಗರದಲ್ಲಿ 1835ರ ಜನವರಿಯಲ್ಲಿ, ರಮಝಾನಿನ ಕೊನೆಯ ದಿನಗಳಲ್ಲಿ, ಪಶ್ಚಿಮ ಆಫ್ರಿಕದಿಂದ ತರಲ್ಪಟ್ಟ ಮುಸ್ಲಿಮ್ ಗುಲಾಮರೂ ಬಿಡುಗಡೆ ಹೊಂದಿದವರೂ ದಂಗೆಯೆದ್ದು ಒಂದೇ ರಾತ್ರಿಯಲ್ಲಿ ಹತ್ತಿಕ್ಕಲ್ಪಟ್ಟರು. ಅವರಿಂದ ವಶಪಡಿಸಿಕೊಂಡ ಅರಬಿ ಬರಹದ ಹಾಳೆಗಳನ್ನು ನ್ಯಾಯಾಲಯ ಸಾಕ್ಷ್ಯವಾಗಿ ಕಾದಿರಿಸಿತು.

ಈ ಭಾಗವನ್ನು ಓದಿ ಎದೆಯುಬ್ಬಿಸುವವರು ಇನ್ನೊಂದು ಲೆಕ್ಕವನ್ನೂ ಓದಬೇಕು. ಟ್ಯುನೀಸಿಯದ ಅಹ್ಮದ್ ಬೇ 1846ರಲ್ಲಿ, ಅಂದರೆ ಫ್ರಾನ್ಸ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನು ಕೊನೆಯದಾಗಿ ರದ್ದುಪಡಿಸುವುದಕ್ಕೆ ಎರಡು ವರ್ಷ ಮುನ್ನ, ತನ್ನ ನಾಡಿನಲ್ಲಿ ಅದನ್ನು ಕೊನೆಗೊಳಿಸಿದ್ದು ನಿಜ. ಸೌದಿ ಅರೇಬಿಯ ಅದನ್ನು ಮಾಡಿದ್ದು 1962ರಲ್ಲಿ, ಮೌರಿಟಾನಿಯ 1981ರಲ್ಲಿ ಎಂಬುದೂ ಅಷ್ಟೇ ನಿಜ. ಜೆಫರ್ಸನ್ನನ ಕಪಟವನ್ನು ಬೊಟ್ಟು ಮಾಡುವ ಬೆರಳು ಝಾಂಜಿಬಾರಿನ ಗುಲಾಮರ ಮಾರುಕಟ್ಟೆಯ ಕಡೆಗೂ ಚಾಚಲು ಹಿಂಜರಿಯಬಾರದು.

ಮತ್ತೆ ಲೆಕ್ಕದ ಪುಸ್ತಕಕ್ಕೆ ಬರೋಣ. 1825ರ ಏಪ್ರಿಲ್ 17ರಂದು ಫ್ರಾನ್ಸಿನ ದೊರೆ 10ನೇ ಚಾರ್ಲ್ಸ್ ಒಂದು ಸುಗ್ರೀವಾಜ್ಞೆಗೆ ಸಹಿ ಹಾಕಿದ. ಹೈತಿಯ ಸ್ವಾತಂತ್ರ್ಯವನ್ನು ಫ್ರಾನ್ಸ್ ಮಾನ್ಯ ಮಾಡುತ್ತದೆ. ಅದಕ್ಕೆ ಬದಲಾಗಿ ಆಸ್ತಿ ಕಳೆದುಕೊಂಡ ಹಳೆಯ ಒಡೆಯರಿಗೆ ಹೈತಿ ಐದು ಕಂತುಗಳಲ್ಲಿ 15 ಕೋಟಿ ಫ್ರಾಂಕ್ ಪರಿಹಾರ ತೆರಬೇಕು. ಫ್ರೆಂಚ್ ಸರಕಿಗೆ ಅರ್ಧ ಸುಂಕ ಮಾತ್ರ. ಆಜ್ಞೆಯನ್ನು ತಲುಪಿಸಲು ಹೋದದ್ದು ಯುದ್ಧನೌಕೆಗಳು. ಅವುಗಳಲ್ಲಿ ಸುಮಾರು 500 ಫಿರಂಗಿಗಳಿದ್ದವು. ಒಡೆಯರು ಕಳೆದುಕೊಂಡ 'ಆಸ್ತಿ'ಯ ಲೆಕ್ಕದಲ್ಲಿ ಮನುಷ್ಯರೂ ಸೇರಿದ್ದರು. ಬಿಡುಗಡೆಯಾದವನು ತನ್ನ ಮೈಯ ಬೆಲೆಯನ್ನು ತಾನೇ ತೆರಬೇಕು, ಅದೂ ರಣರಂಗದಲ್ಲಿ ಗೆದ್ದ ಇಪ್ಪತ್ತೊಂದು ವರ್ಷಗಳ ಬಳಿಕ! ಸೋತವರು ಗೆದ್ದವರಿಂದ ಯುದ್ಧದಂಡ ವಸೂಲು ಮಾಡಿದ ಇನ್ನೊಂದು ಉದಾಹರಣೆಯನ್ನು ಇತಿಹಾಸದಲ್ಲಿ ಹುಡುಕಿ ನೋಡಿ.

3 ಕೋಟಿ ಫ್ರಾಂಕಿನ ಮೊದಲ ಕಂತಿಗೇ ಹೈತಿಯ ಬಳಿ ಹಣವಿರಲಿಲ್ಲ. ಅದು ಪ್ಯಾರಿಸ್ಸಿನ ಬ್ಯಾಂಕುಗಳಿಂದ 3 ಕೋಟಿಯ ಸಾಲ ಎತ್ತಬೇಕಾಯಿತು; ಬ್ಯಾಂಕುಗಳು 60 ಲಕ್ಷವನ್ನು ಮುರಿದುಕೊಂಡು 2.4 ಕೋಟಿ ಕೊಟ್ಟವು. ದಂಡವೂ ಫ್ರಾನ್ಸಿಗೆ, ದಂಡ ಕಟ್ಟಲು ತಂದ ಸಾಲದ ಬಡ್ಡಿಯೂ ಫ್ರಾನ್ಸಿಗೆ. 1838ರಲ್ಲಿ ಉಳಿದ ಮೊತ್ತವನ್ನು ಇಳಿಸಿ ಒಟ್ಟು 9 ಕೋಟಿಗೆ ನಿಲ್ಲಿಸಲಾಯಿತು. ರೈತನ ಕಾಫಿ ಚೀಲದ ಮೇಲಿನ ಸುಂಕ ಶಾಲೆಗೂ ಸೇತುವೆಗೂ ಹೋಗದೆ ಈ ಸಾಲಕ್ಕೆ ಹೋಯಿತು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 2022ರಲ್ಲಿ ದಾಖಲೆಗಳನ್ನು ಜಾಲಾಡಿ, ದಂಡ ಮತ್ತು ಆ ಮೊದಲ ಸಾಲದ ಬಾಬತ್ತಿಗೆ ಹೈತಿ ಪಾವತಿಸಿದ್ದು ಸುಮಾರು 11.2 ಕೋಟಿ ಫ್ರಾಂಕ್ ಎಂದು ಲೆಕ್ಕ ಹಾಕಿತು. ಮುಂದೆ ಸಾಲ ತೀರಿಸಲು ಸಾಲ. 1915ರಿಂದ 1934ರ ವರೆಗೆ ಅಮೆರಿಕದ ಸೇನೆಯ ಆಕ್ರಮಣ. ಇವನ್ನೆಲ್ಲ ಬದಿಗಿಟ್ಟು, ಹೈತಿ ಬಡವಾಗಿರುವುದು ಅಲ್ಲಿನ ಜನರ ಅಯೋಗ್ಯತೆಯಿಂದ ಎಂದು ಬರೆಯುವ ಅಂಕಣಕಾರರಿಗೆ ಏನೆನ್ನಬೇಕು? ಅಲ್ಲಿನ ಆಡಳಿತಗಾರರ ಭ್ರಷ್ಟಾಚಾರವನ್ನೂ ಡುವಾಲಿಯೇರ್ ತಂದೆ ಮಕ್ಕಳ ಸರ್ವಾಧಿಕಾರವನ್ನೂ ಯಾರೂ ಅಲ್ಲಗಳೆಯಬೇಕಿಲ್ಲ. ಆದರೆ ಹುಟ್ಟಿದ ಮಗುವಿನ ಕುತ್ತಿಗೆಗೆ ಕಲ್ಲು ಕಟ್ಟಿದವರು, ಅದಕ್ಕೆ ಈಜಲು ಬರುವುದಿಲ್ಲವೆಂದು ಹೀಯಾಳಿಸುವ ಹಕ್ಕನ್ನು ಕಳೆದುಕೊಂಡಿದ್ದಾರೆ.

ಹೈತಿಯಲ್ಲಿ ಮಾತ್ರವೇ ಹೀಗೆಂದು ಭಾವಿಸಬೇಡಿ. ಬ್ರಿಟನ್ 1833ರಲ್ಲಿ ಗುಲಾಮಗಿರಿಯನ್ನು ರದ್ದುಪಡಿಸಿ 2 ಕೋಟಿ ಪೌಂಡ್ ಪರಿಹಾರ ಹಂಚಿದ್ದು ಒಡೆಯರಿಗೆ. ಗುಲಾಮರಿಗೆ ಒಂದು ಪೆನ್ನಿಯೂ ಇಲ್ಲ. ಅದಕ್ಕಾಗಿ ಎತ್ತಿದ ಸಾಲದ ಕೊನೆಯ ಅಂಶ ತೀರಿದ್ದು 2015ರಲ್ಲಿ.

ವಾಲ್ಟೇರ್, ರೂಸೋಗಳನ್ನು ಓದಬೇಡಿ ಎಂದು ಈ ಲೇಖನ ಹೇಳುತ್ತಿಲ್ಲ. 1789ರ ಘೋಷಣೆ ಇಲ್ಲದಿರುತ್ತಿದ್ದರೆ 1794ರ ಕಾನೂನು ಬರೆಯಲು ಪದಗಳು ಸಿಗುತ್ತಿರಲಿಲ್ಲ. ತತ್ವ ಕಪಟಿಯ ಬಾಯಿಯಿಂದ ಬಂದರೂ ತತ್ವವೇ. ಆದರೆ ಆ ತತ್ವಕ್ಕೆ ವಾರಸುದಾರರು ಯಾರೆಂದು ನಿರ್ಧರಿಸುವಾಗ ಅದನ್ನು ಬರೆದವರ ಪಕ್ಕದಲ್ಲಿ, ಅದಕ್ಕಾಗಿ ಸತ್ತವರನ್ನೂ ನಿಲ್ಲಿಸಬೇಕು. ತ್ರಿನಿದಾದಿನ ಸಿ.ಎಲ್.ಆರ್. ಜೇಮ್ಸ್ 1938ರಲ್ಲೇ 'ಬ್ಲ್ಯಾಕ್ ಜಾಕೊಬಿನ್ಸ್' ಎಂಬ ಗ್ರಂಥ ಬರೆದು ಈ ಕೆಲಸ ಮಾಡಿದ್ದರು. ಮಕ್ಕಳಿಗೆ ಹತ್ತು ಅಂಕಗಳ ಉತ್ತರ ಕಲಿಸುವ ನಮ್ಮ ಅಧ್ಯಾಪಕರು, ಪಠ್ಯದಲ್ಲಿ ಇಲ್ಲದಿದ್ದರೂ, ಒಂದು ತರಗತಿಯನ್ನು ಹೈತಿಗೆ ಮೀಸಲಿಟ್ಟರೆ ಯಾವ ನಿಯಮವೂ ಮುರಿಯುವುದಿಲ್ಲ. ಮನೆಯಲ್ಲಿ ಹೆತ್ತವರೂ ಇದನ್ನು ಮಾಡಬಹುದು.

2003ರಲ್ಲಿ ಹೈತಿಯ ಅಧ್ಯಕ್ಷ ಅರಿಸ್ಟೀಡ್ ಆ ಹಣವನ್ನು ಮರಳಿಸುವಂತೆ ಫ್ರಾನ್ಸನ್ನು ಕೇಳಿದರು. ಬಡ್ಡಿ ಸಹಿತ ಅವರು ಮುಂದಿಟ್ಟ ಮೊತ್ತ 2,168 ಕೋಟಿ ಡಾಲರಿಗೂ ಹೆಚ್ಚು. ಕೊನೆಯ 48 ಸೆಂಟ್‌ಗಳನ್ನೂ ಅವರು ಬಿಟ್ಟಿರಲಿಲ್ಲ. ಪ್ಯಾರಿಸ್ ನಕ್ಕಿತು. 2004ರ ಫೆಬ್ರವರಿ 29ರಂದು, ದೇಶದೊಳಗಿನ ಸಶಸ್ತ್ರ ದಂಗೆಯ ನಡುವೆ, ಅಮೆರಿಕದ ವಿಮಾನವೊಂದು ಅವರನ್ನು ದೇಶದಿಂದ ಹೊರಗೆ ಕೊಂಡೊಯ್ಯಿತು. ಸುಗ್ರೀವಾಜ್ಞೆಗೆ 200 ವರ್ಷ ತುಂಬಿದ 2025ರ ಏಪ್ರಿಲ್ 17ರಂದು ಫ್ರೆಂಚ್ ಅಧ್ಯಕ್ಷ ಮ್ಯಾಕ್ರೋನ್ ಹೇಳಿಕೆಯೊಂದನ್ನು ಹೊರಡಿಸಿ, ಹೈತಿಗೆ ಅನ್ಯಾಯವಾಗಿತ್ತೆಂದು ಒಪ್ಪಿಕೊಂಡರು. ಎರಡೂ ದೇಶಗಳ ಇತಿಹಾಸಕಾರರ ಜಂಟಿ ಆಯೋಗವನ್ನು ಪ್ರಕಟಿಸಿದರು. ಹಣ ಮರಳಿಸುವ ಕುರಿತು ಆ ಹೇಳಿಕೆಯಲ್ಲಿ ಯಾವ ಭರವಸೆಯೂ ಇರಲಿಲ್ಲ.